ಗರುಡನ ತತ್ತಿಗೆ ಕಾವು

ಉಮಾಶ್ರೀಯ ಮನೆಯ ಹಿತ್ತಲಲ್ಲಿ ದೀಪ ಕಾಣದ ದೇವರೊಂದಿತ್ತು.

ಯರಗಟ್ಟಿಯಿಂದ ಒಳರಸ್ತೆ ಹಿಡಿದರೆ ಸಿಗುವ ಸಣ್ಣ ಊರು ಅವರದು. ಹಿತ್ತಲ ಬೇವಿನ ನೆರಳಲ್ಲಿ, ಹೊಳೆಯಿಂದ ತಂದು ಹಾಸಿದ ಉಸುಕಿನ ಮೇಲೆ, ಉದ್ದ ಕುಂಬಳಕಾಯಿಯಂಥ ಕಬ್ಬಿಣದ ಗುಂಡೊಂದು ಮಲಗಿರುತ್ತಿತ್ತು. ಊರವರ ಬಾಯಲ್ಲಿ ಅದು ಗರುಡನ ತತ್ತಿ. ಬೆಳಗಾದರೆ ಅದಕ್ಕೊಂದು ಕೊಡ ತಣ್ಣೀರು, ನಾಗರಪಂಚಮಿಗೆ ಒಂದು ತಂಬಿಗೆ ಹಾಲು. ಅಷ್ಟೇ. ಊದಿನಕಡ್ಡಿ ಇಲ್ಲ, ಕರ್ಪೂರ ಇಲ್ಲ, ದೀಪವಂತೂ ಇಲ್ಲವೇ ಇಲ್ಲ. ಬೀಡಿ ಹಚ್ಚಿಕೊಂಡ ಗಂಡಸು ಯಾರಾದರೂ ಹಿತ್ತಲಿಗೆ ಕಾಲಿಟ್ಟರೆ ಉಮಾಶ್ರೀಯ ಅಜ್ಜಿ, ಮನೆಯವರ ಆಯಿ ಸಾವಿತ್ರೆವ್ವ ಕೋಲು ಹಿಡಿದು ಎದ್ದು ಬರುತ್ತಿದ್ದಳು. ತತ್ತಿಗೆ ಕಾವು ತಗಲಬಾರದು ಎಂಬುದು ಆ ಮನೆಯ ಕಟ್ಟಪ್ಪಣೆ. ಯಾಕೆ ಎಂದು ಕೇಳಿದರೆ ಆಯಿ ಕಥೆ ಹೇಳುತ್ತಿದ್ದಳು.

ಆ ಕಥೆಯ ಸೆರಗು ಹಿಡಿದೇ ಉಮಾಶ್ರೀ ಬೆಳೆದದ್ದು. ಉಣ್ಣುವಾಗ ಅದೇ ಕಥೆ, ಜ್ವರ ಬಂದರೆ ಅದೇ ಕಥೆ.

"ಜಿಟಿಜಿಟಿ ಮಳಿ ಹಿಡದಿತ್ತು. ನಾ ಇನ್ನೂ ಕೂಸು," ಎಂದು ಆಯಿ ಶುರು ಮಾಡುವಳು. "ಮ್ವಾಡದಾಗಿಂದ ಒಂದು ಡೋಣಿ ಬಂತು ನೋಡು. ಹೊಟ್ಟಿ ಡೋಣಿದು, ರೆಕ್ಕಿ ಹಕ್ಕಿದು. ಅದೂ ಒಂದರ ಮ್ಯಾಲ ಒಂದು, ಜೋಡು ರೆಕ್ಕಿ. ಬೆನ್ನ ಮ್ಯಾಲ ಗಾಳಿಗಿರಣಿ ಇಟ್ಕೊಂಡು ಹಿಂದಿನಿಂದ ತನ್ನ ತಾನ ನೂಕ್ಕೊಂಡು ಬಂತು. ಗರುಡಪ್ಪ ವೇಷ ಹಾಕ್ಕೊಂಡಿದ್ದ. ರೆಕ್ಕಿ ತೊಯ್ದು ಭಾರ ಆದ್ವು. ಹೊತ್ತಿದ್ದ ಎರಡು ತತ್ತಿ ನಮ್ಮ ಎರಿ ಹೊಲದಾಗ ಉದರಿಸಿ ಹೋದ. ಒಂದಕ್ಕ ಕಾವು ಕೊಟ್ರು, ಅದು ಮರಿ ಆತು. ಬೆಂಕಿ ಪುಚ್ಚದ ಮರಿ. ನೆಲಾ ಒದ್ದು ಹಾರಿತು, ಒದ್ದಲ್ಲೇ ಹೊಂಡ ಆತು. ಹಾರೂ ಮುಂದ ನಮ್ಮಪ್ಪನ್ನ ಬೆನ್ನ ಮ್ಯಾಲ ಕುಂದರಿಸ್ಕೊಂಡು ಮ್ಯಾಲಿನ ಲೋಕಕ್ಕ ಒಯ್ತು. ಇನ್ನೊಂದು ತತ್ತಿ ಹಂಗ ತಣ್ಣಗ ಮಲಗೈತಿ."

ಊರ ಹೊರಗಿನ ಮರಿಹೊಂಡದ ದಂಡೆಯಲ್ಲಿ ಕೂತು ಉಮಾಶ್ರೀ ಆಯಿಯ ಅಪ್ಪ, ಮುತ್ತಜ್ಜ ಮಹಾಂತಪ್ಪನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದುಂಟು. ತನಗೆ ಅಂಥ ಸವಾರಿ ಸಿಗಲಿಲ್ಲವಲ್ಲ ಎಂದು.

ಗಂಡಸರಿಗೆ ಮಾತ್ರ ತತ್ತಿ ಅಂದರೆ ಗುಂಡು. ಪಂಚಮಿಯ ಮರುದಿನ ಹುಡುಗರು ಗುಂಡು ಎತ್ತುವ ಆಟ ಆಡುತ್ತಾರೆ. ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಬೆನ್ನ ಹಿಂದೆ ಒಗೆಯಬೇಕು. ಕಲ್ಲಿನ ಗುಂಡುಗಳನ್ನು ಎಷ್ಟೋ ಮಂದಿ ಒಗೆದಿದ್ದರು. ಕಬ್ಬಿಣದ ತತ್ತಿ ಮಾತ್ರ ಯಾರ ಕೈಗೂ ಬಗ್ಗಿರಲಿಲ್ಲ. ಭಾರ ಒಂದು ಕಡೆ, ಜಾರುವುದು ಇನ್ನೊಂದು ಕಡೆ. ಕಾಲಕಾಲದ ಹಾಲು ನೀರು ಕುಡಿದು ಅದರ ಮೈ ಮೀನಿನಂತಾಗಿತ್ತು. ಅದನ್ನು ಎತ್ತೇ ತೀರುತ್ತೇನೆ ಎಂದು ಈ ವರ್ಷ ಹಟ ತೊಟ್ಟವನು ಉಮಾಶ್ರೀಯ ತಮ್ಮ ಗೌರೀಶ.

ಉಮಾಶ್ರೀಗೆ ಬೈಲಹೊಂಗಲದ ಬಜಾರಿನಲ್ಲಿ ದಿಗಂಬರರಾಯರ ಫೋಟೋ ಸ್ಟುಡಿಯೋದಲ್ಲಿ ಕೆಲಸ. ಹಳೆಯ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ, ಬೂಷ್ಟು ತೆಗೆದು, ಹರಿದದ್ದನ್ನು ಹೊಂದಿಸಿ, ಸತ್ತವರ ಮುಖಕ್ಕೆ ಮತ್ತೆ ಕಣ್ಣು ಮೂಗು ಬರಿಸುವ ಕೆಲಸ. ಪಂಚಮಿಯ ಹಿಂದಿನ ದಿನ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಡುವ ತಯಾರಿಯಲ್ಲಿದ್ದಳು. ಅಷ್ಟರಲ್ಲಿ ಯಮುನಾಬಾಯಿ ಎಂಬ ಹಿರಿಯ ಹೆಣ್ಣುಮಗಳು ಒಂದು ಬಿಸ್ಕೀಟಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು.

"ನಮ್ಮ ಅಪ್ಪನ ಫೋಟೋ ಇವು. ಅವರು ಇಂಗ್ರೇಜರ ಕಾಲಕ್ಕ ಸಾಂಬ್ರಾದ ವಿಮಾನದ ಮೈದಾನದಾಗ ಗುಮಾಸ್ತ ಇದ್ದರು. ಯಾವನೋ ಗೋರಾ ಸಾಹೇಬ ತಗದು ಕೊಟ್ಟದ್ದು. ಅಪ್ಪ ಎಲ್ಲೆಲ್ಲೆ ಇದ್ದಾರ ಅಷ್ಟು ಸ್ವಚ್ಛ ಮಾಡಿಕೊಡ್ರಿ, ಸಾಕು. ಉಳದವು ಎಲ್ಲಾ ಬರೇ ವಿಮಾನ."

"ವಿಮಾನ ಅಂದ್ರ ಉಮಾ ಇವತ್ತ ಊರಿಗೆ ಹೋಗೂದಿಲ್ಲ ಬಿಡ್ರಿ," ಎಂದರು ದಿಗಂಬರರಾಯರು. "ಇಕಿ ಮೊದಲ ಅರ್ಧ ಆಕಾಶದಾಗ ಇರ್ತಾಳ."

"ಇರ್ಲಿ ಬಿಡ್ರಿ ಕಾಕಾ, ನೆಲದ ಮ್ಯಾಲ ಬಾಡಿಗಿ ಭಾಳ ಆಗೇತಿ," ಎಂದಳು ಉಮಾಶ್ರೀ, ನಗುತ್ತ ಮೊದಲ ಫೋಟೋ ಯಂತ್ರದಲ್ಲಿಟ್ಟಳು.

ಪರದೆಯ ಮೇಲೆ ಚಿತ್ರ ಮೆಲ್ಲಗೆ ಇಳಿದು ಬಂತು. ಮೊದಲು ಬಿಳಿ ಆಕಾಶ. ಆಮೇಲೆ ಒಂದು ರೆಕ್ಕೆ, ಅದರ ಕೆಳಗೆ ಇನ್ನೊಂದು, ನಡುವೆ ಕಂಬ, ತಂತಿ. ಎರಡೂ ರೆಕ್ಕೆಗಳ ನಡುವೆ ಒಂದು ಎಂಜಿನ್ನು, ಅದರ ಪಂಖ ಬಾಲದ ಕಡೆ ಮುಖ ಮಾಡಿತ್ತು. ಕೆಳಗೆ ಮೈ. ಆ ಮೈ ವಿಮಾನದ್ದಲ್ಲ. ಚೂಪು ಮೂತಿಯ, ಹಲಗೆ ಹಲಗೆ ಕೂಡಿಸಿದಂಥ ಹೊಟ್ಟೆಯ ದೋಣಿ. ದೋಣಿಗೆ ಎರಡು ಗಾಲಿ ಸಿಗಿಸಿ ಬರೀ ಮಣ್ಣಿನ ಮೇಲೆ ನಿಲ್ಲಿಸಿದ್ದರು.

ಉಮಾಶ್ರೀಯ ಕೈ ಕಂಪ್ಯೂಟರಿನ ಮೌಸಿನ ಮೇಲೆಯೇ ನಿಂತಿತು. ಎದೆಯಲ್ಲಿ ಏನೋ ಹಾಲುಕ್ಕಿದ ಹಾಗೆ. ಆಯಿ ಸುಳ್ಳು ಹೇಳಿರಲಿಲ್ಲ. ಹಾರುವ ದೋಣಿ ಇತ್ತು. ಜೋಡು ರೆಕ್ಕೆ ಇದ್ದವು, ಹಿಂದಿನಿಂದ ನೂಕುವ ಗಾಳಿಗಿರಣಿ ಇತ್ತು. ಹೇಳಿದ್ದು ಒಂದೂ ತಪ್ಪಿರಲಿಲ್ಲ. ಆಯಿಗೆ ಈ ಫೋಟೋ ಒಯ್ದು ತೋರಿಸಿದರೆ ಹೇಗೆ ಬಾಯಿ ಬಿಡುತ್ತಾಳೋ ಎಂದು ಒಳಗೊಳಗೇ ಕುಣಿಯುತ್ತ ಎರಡನೆಯ ಫೋಟೋ ಹಾಕಿದಳು.

ಅದೇ ವಿಮಾನ, ಹತ್ತಿರದಿಂದ ತೆಗೆದದ್ದು. ಕೆಳಗಿನ ರೆಕ್ಕೆಯ ಅಡಿಯಲ್ಲಿ ಒಬ್ಬ ಸಿಪಾಯಿ ಮೊಣಕಾಲೂರಿ ಕೂತಿದ್ದ. ಅವನ ಮುಂದೆ ಕೈಗಾಡಿ, ಗಾಡಿಯ ಮೇಲೆ ಎರಡು ಗುಂಡು. ಮೂರನೆಯದನ್ನು ಆಗಲೇ ರೆಕ್ಕೆಗೆ ತೂಗುಹಾಕಿ ಆಗಿತ್ತು.

ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು.

ಉದ್ದ ಕುಂಬಳಕಾಯಿಯ ಮೈ. ಸೊಂಟಕ್ಕೆ ಸುತ್ತ ಉಬ್ಬಿದ ಪಟ್ಟಿ. ಬೆನ್ನ ಮೇಲೆ ಬಟ್ಟಲ ಕಿವಿಯಂಥ ಹಿಡಿಕೆ. ಆ ಕಿವಿಗೇ ಅವಳು ಸಣ್ಣವಳಿದ್ದಾಗ ಚೆಂಡುಹೂವಿನ ಸರ ಕಟ್ಟುತ್ತಿದ್ದಳು. ಮೂತಿಯಲ್ಲಿ ಹಿತ್ತಾಳೆಯ ದುಂಡನೆಯ ಬಿರಡೆ. ಊರವರು ಅದಕ್ಕೆ ತತ್ತಿಯ ಕಣ್ಣು ಎನ್ನುತ್ತಿದ್ದರು. ಪಂಚಮಿಯ ಹಾಲು ಮೊದಲು ಬೀಳುವುದು ಆ ಕಣ್ಣಿಗೇ.

"ಬಾಯಾರ, ಇದು ಏನ್ರಿ?" ಎಂದು ಕೇಳಿದಳು. ದನಿ ಅವಳಿಗೇ ದೂರದಿಂದ ಕೇಳಿತು.

ಯಮುನಾಬಾಯಿ ಚಾಳೀಸು ಏರಿಸಿ ನೋಡಿದರು. "ಬಾಂಬು. ಸಮುದ್ರದಾಗ ಹಡಗ ಒಡಿಯೋವಂತ. ಅಪ್ಪ ಹೇಳತಿದ್ರು, ಈ ಡೋಣಿ ವಿಮಾನ ಭಾಳ ನಾಜೂಕಂತ. ಮಳ್ಯಾಗ ಸಿಕ್ಕು ಬೀಳೋಹಂಗ ಆದ್ರ, ಭಾರ ಕಡಿಮಿ ಮಾಡ್ಲಿಕ್ಕೆ ಇವನ್ನ ಸಿಕ್ಕಲ್ಲೆ ಉದುರಿಸಿ ಹೋಗತಿದ್ರಂತ. ಕೆಲವು ಅಲ್ಲೇ ಒಡೀತಿದ್ವು, ಕೆಲವು ಮಣ್ಣಾಗ ಹಂಗ ಉಳೀತಿದ್ವು. ಯಾಕವಾ, ಮಾರಿ ಯಾಕ ಹಿಂಗ ಬೆಳ್ಳಗಾತು?"

ಉಮಾಶ್ರೀಗೆ ಬೆಳಿಗ್ಗೆ ಗೌರೀಶ ಫೋನಿನಲ್ಲಿ ಹಾಕಿದ್ದ ವಿಡಿಯೋ ನೆನಪಾಯಿತು. ಸಾಮಾನು ಹೊರುವ ರಿಕ್ಷಾದ ಹಿಂದೆ ಗೋಣಿಚೀಲದ ಮೇಲೆ ತತ್ತಿ ಮಲಗಿತ್ತು. ಅದರ ಮೇಲೆ ಕಾಲಿಟ್ಟು ಗೌರೀಶ ಮೀಸೆ ತಿರುವುತ್ತಿದ್ದ. ಯರಗಟ್ಟಿಗೆ ಒಯ್ದು ತುಕ್ಕಿನ ಜಂಗು ತಿಕ್ಕಿಸಿ, ಕೈ ಹಿಡಿತಕ್ಕೆ ಎರಡು ಕಬ್ಬಿಣದ ಬಳೆ ಬೆಸುಗೆ ಹಾಕಿಸುತ್ತೇನೆ, ಆಯಿಗೆ ಮಾತ್ರ ತತ್ತಿಯನ್ನು ಹೊಳೆಯ ಸ್ನಾನಕ್ಕೆ ಒಯ್ಯುತ್ತೇನೆಂದು ಹೇಳಿದ್ದೇನೆ ಎಂದು ನಕ್ಕಿದ್ದ. ಅವಳೂ ಆಗ ನಕ್ಕಿದ್ದಳು.

ವೆಲ್ಡಿಂಗು. ಬೆಂಕಿ. ಕಾವು.

ಫೋನು ಹಚ್ಚಿದಳು. ಗದ್ದಲದ ನಡುವೆ ಗೌರೀಶನ ದನಿ ಬಂತು.

"ಹೇಳಕ್ಕಾ. ನಿಂಗರಾಜನ ಅಂಗಡ್ಯಾಗ ಅದೇನಿ. ಜೋರ ಮಾತಾಡು, ಗ್ರೈಂಡರ್ ನಡದೈತಿ."

"ತಮ್ಮಾ, ನಿಲ್ಲಸು ಅದನ್ನ. ಆ ಗುಂಡು ಬಾಂಬ್ ಐತಿ."

"ಹೂಂ ಮತ್ತ. ಜಂಗ ಹೋದ ಮ್ಯಾಲ ಬಾಂಬ್ ಕಾಣಾಕತ್ತೈತಿ. ನಾಡಿದ್ದು ನೋಡು, ಮಂದಿ ಹುಚ್ಚಾಗಬೇಕು."

"ಗೌರ್ಯಾ, ಮಾತ ಕೇಳು. ಖರೇ ಬಾಂಬೋ. ಗುಂಡು ಅದು, ಗುಂಡು."

"ಗುಂಡ ಅಕ್ಕಾ, ಗುಂಡು ಅಲ್ಲದ ಏನ ಬದನಿಕಾಯೇನು. ಕೇಳಸವಲ್ದು, ಇಡತೇನಿ."

ಮತ್ತೆ ಹಚ್ಚಿದಳು, ಎತ್ತಲಿಲ್ಲ. ಮತ್ತೊಮ್ಮೆ ಹಚ್ಚಿದರೆ ಬಂದಾಗಿತ್ತು. ಅವನ ಫೋನಿಗೆ ಮಧ್ಯಾಹ್ನದ ಮೇಲೆ ಜೀವ ಇರುವುದೇ ಅಪರೂಪ. ದಿಗಂಬರರಾಯರಿಗೆ ಮಾತು ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದದ್ದೇ ಫೋನು ಕೈಗೆತ್ತಿಕೊಂಡರು. "ಪೊಲೀಸರಿಗೆ ನಾ ಫೋನ್ ಮಾಡತೇನಿ, ನೀ ನಡಿ," ಎಂದರು. ಆ ಫೋಟೋವನ್ನು ಫೋನಿಗೆ ಇಳಿಸಿಕೊಂಡು ಉಮಾಶ್ರೀ ಬಸ್ ಸ್ಟ್ಯಾಂಡಿಗೆ ಓಡಿದಳು.

ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು. ಮಡಿಲಲ್ಲಿ ಮಕ್ಕಳು, ಚೀಲದಲ್ಲಿ ಶೇಂಗಾ ಉಂಡಿ, ಎಳ್ಳಿನ ಉಂಡಿ. ಪಕ್ಕದ ಹೆಂಗಸು ಜೋಕಾಲಿ ಹಗ್ಗದ ಸಿಂಬಿಯನ್ನು ಕಾಲಡಿ ಇಟ್ಟುಕೊಂಡು ಕೂತಿದ್ದಳು.

"ತಗೋಳ ಯವ್ವಾ, ಒಂದು ಉಂಡಿ ತಿನ್ನು. ಯಾಕ ಬೆವತಿ? ಅತ್ತಿ ಮನ್ಯಾಗ ಜಗಳಾನ?"

"ಲಗ್ನ ಆಗಿಲ್ರಿ."

"ಮತ್ತ ಚಿಂತಿ ಯಾಕ ಮಾಡತಿ ಹುಚ್ಚಿ, ಅದಕ್ಕೂ ಟೈಮ್ ಐತಿ," ಎಂದು ಆ ಹೆಂಗಸು ಉಂಡಿಯನ್ನು ಕೈಗೇ ಹಿಡಿಸಿದಳು.

ಉಮಾಶ್ರೀ ಉಂಡಿ ಹಿಡಿದೇ ಕೂತಳು. ಮುರಗೋಡ ಬರುವವರೆಗೆ ಎಂದೂ ಇಲ್ಲದ ಊರುಗಳಲ್ಲೆಲ್ಲ ಬಸ್ಸು ನಿಂತಿತು. ಕಿಟಕಿಯ ಹೊರಗೆ ಹೆಸರು, ಗೋವಿನಜೋಳ ಹಸಿರಾಗಿ ತೂಗುತ್ತಿದ್ದವು. ಅವಳ ಕಣ್ಣಿಗೆ ಅದೇನೂ ಬೀಳಲಿಲ್ಲ. ಕಿವಿ ಮಾತ್ರ ದೂರಕ್ಕೆ ಚಾಚಿಕೊಂಡಿತ್ತು. ಎಲ್ಲೋ ಗುಡುಗಿದರೆ ಕಿಟಕಿಯಿಂದ ಯರಗಟ್ಟಿಯ ದಿಕ್ಕಿಗೆ ಬಗ್ಗಿ ನೋಡುತ್ತಿದ್ದಳು. ಮುಂದಿನ ಗಾಲಿ ಗುಂಡಿಯಲ್ಲಿ ಧಡ್ ಎಂದರೆ ಸೀಟಿನಿಂದ ಅರ್ಧ ಏಳುತ್ತಿದ್ದಳು.

ಆಯಿಯ ಕಥೆ ಮಾತ್ರ ತಲೆಯೊಳಗೆ ತಾನೇ ತಾನಾಗಿ ನಡೆದಿತ್ತು. ಒಂದಕ್ಕೆ ಕಾವು ಕೊಟ್ಟರು, ಅದು ಮರಿ ಆತು. ಕಾವು ಅಂದರೆ ಕೋಳಿ ಕೂಡುವ ಕಾವು ಎಂದೇ ಅವಳು ತಿಳಿದಿದ್ದಳು. ಯಾವುದೋ ದೊಡ್ಡ ಹಕ್ಕಿ ರೆಕ್ಕೆ ಹರವಿ ಕೂತಿತ್ತು ಎಂದು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದಳು. ಹಕ್ಕಿ ತಾನೇ ಕೂತಿದ್ದರೆ ಆಯಿ "ಕಾವು ಕೊಟ್ರು" ಎಂದು ಯಾಕೆ ಅನ್ನುತ್ತಿದ್ದಳು? ಕೊಟ್ಟವರು ಯಾರು? ಇಷ್ಟು ವರ್ಷ ಆ ಕಥೆ ಕೇಳಿದವಳು ಅದೊಂದನ್ನು ಮಾತ್ರ ಕೇಳಿರಲಿಲ್ಲ.

ಯರಗಟ್ಟಿಯಲ್ಲಿ ಇಳಿದಾಗ ಬಜಾರು ಇದ್ದಲ್ಲೇ ಇತ್ತು. ಮಂದಿ ತೆಂಗಿನಕಾಯಿ, ಹೂವು, ಮಣ್ಣಿನ ನಾಗಪ್ಪ ಕೊಳ್ಳುತ್ತಿದ್ದರು. ಉಮಾಶ್ರೀಗೆ ಅಳುವೇ ಬಂತು. ಸಂದಿ ಹಾಯ್ದು ಓಡಿದಳು. ಒಂದು ಕಡೆ ಹಿಟ್ಟಿನ ಗಿರಣಿ, ಇನ್ನೊಂದು ಕಡೆ ಚಹಾದ ಹೋಟೆಲು, ನಡುವೆ ನಿಂಗರಾಜನ ವೆಲ್ಡಿಂಗ್ ಅಂಗಡಿ. ಕರೆಂಟು ಹೋಗಿತ್ತು. ಇಡೀ ಸಂದಿ ಸುಮ್ಮನೆ ಕೂತಿತ್ತು.

ಅಂಗಡಿಯ ನಡುವೆ ಎರಡು ಕಟ್ಟಿಗೆಯ ತುಂಡಿನ ಮೇಲೆ ತತ್ತಿ. ಅದರ ಮೇಲೆ ಕುದುರೆ ಸವಾರಿ ಕೂತಂತೆ ಕಾಲು ಚೆಲ್ಲಿ ಕೂತು ಗೌರೀಶ ಚಹಾ ಕುಡಿಯುತ್ತಿದ್ದ.

"ಬಂದೇನಕ್ಕಾ? ನೋಡು ನಮ್ಮ ತತ್ತಿ. ಮದಿಮಗಳಾಗೇತಿ."

ಒಂದು ಮಗ್ಗುಲು ತಿಕ್ಕಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಒಂದು ಬಳೆ ಆಗಲೇ ಅರ್ಧ ಬೆಸೆದಿತ್ತು, ಸುತ್ತ ನೀಲಿ ಸುಟ್ಟ ಕಲೆ. ಉಮಾಶ್ರೀ ಬಗ್ಗಿ ಅಂಗೈ ಇಟ್ಟಳು.

ಬಿಸಿ.

ಜ್ವರ ಬಂದ ಕೂಸಿನ ಹೊಟ್ಟೆಯ ಹಾಗೆ ಬಿಸಿ. ಹಿತ್ತಾಳೆಯ ಕಣ್ಣಿನ ಅಂಚಿನಲ್ಲಿ ಏನೋ ಕಂದು ಬಣ್ಣದ ಅಂಟು ಬೆವರಿ ಒಂದು ಹನಿಯಾಗಿ ನಿಂತಿತ್ತು. ಕಹಿ ಬಾದಾಮಿಯದೋ ಬೂಟಿನ ಪಾಲಿಷಿನದೋ ಎನ್ನುವಂಥ ವಾಸನೆ.

ಮೂಲೆಯಲ್ಲಿದ್ದ ಕುಡಿಯುವ ನೀರಿನ ಕೊಡ ಎತ್ತಿ ತಂದು ಮೆಲ್ಲಗೆ ತತ್ತಿಯ ಮೈಮೇಲೆ ಸುರಿದಳು. ತಮ್ಮನ ಪ್ಯಾಂಟೂ ತೊಯ್ದಿತು.

"ಏ, ಅಭಿಷೇಕ ನಾಳೆ ಐತಿ," ಎಂದು ಗೌರೀಶ ಜಿಗಿದು ಇಳಿದ. ನಿಂಗರಾಜ ನಕ್ಕ. ಕಣ್ಣಿಗೆ ಏರಿಸಿದ್ದ ಕಪ್ಪು ಕನ್ನಡಕವನ್ನು ಹಣೆಗೆ ಸರಿಸಿ, "ನಿಮ್ಮ ಅಕ್ಕಗ ದೇವರ ಬಂತಲ್ಲೋ," ಎಂದ.

ಉಮಾಶ್ರೀ ಫೋನಿನಲ್ಲಿ ಫೋಟೋ ತೆಗೆದು ಇಬ್ಬರ ಮುಂದೆ ಹಿಡಿದಳು. ಗೌರೀಶ ಅವಳ ಮಣಿಕಟ್ಟು ಹಿಡಿದು ಫೋನನ್ನು ಹತ್ತಿರ ಎಳೆದುಕೊಂಡ. ದೋಣಿ ವಿಮಾನ, ಸಿಪಾಯಿ, ಕೈಗಾಡಿ, ಗುಂಡು. ಅವನು ಫೋಟೋ ನೋಡಿದ, ತತ್ತಿ ನೋಡಿದ, ಮತ್ತೆ ಫೋಟೋ ನೋಡಿದ.

"ಹಂಗ ಕಾಣತೈತಿ. ಹೌದು. ಆದ್ರ ಹಂಗ ಕಾಣೂವು ಎಷ್ಟೋ ಇರತಾವ," ಎಂದ.

"ಸಿನಿಮಾದ್ದ ಇರಬೇಕ್ರಿ ಅಕ್ಕಾರ," ಎಂದ ನಿಂಗರಾಜ. "ಡೋಣಿ ಎಲ್ಲೆರೆ ಹಾರತಾವನು?"

"ಈ ತಿಂಗಳ ತುಂಬ ಇದನ್ನ ಎತ್ತಿ ಎತ್ತಿ ಕೆಡವೇನಿ," ಎಂದ ಗೌರೀಶ. "ಎದಿತನಕ ತರತೇನಿ, ಕೈ ಜಾರತೈತಿ, ಧಡ್ ಅಂತ ಬೀಳತೈತಿ. ಆಯಿ ಮಲಗೂ ಹೊರಸು ಹತ್ತ್ ಮಾರು ದೂರ ಐತಿ. ಏನರೆ ಆತೇನು? ಬಾಂಬ್ ಇದ್ರ ಅವತ್ತ ಆಗತಿದ್ದಿಲ್ಲ? ನೀ ಆಯಿ ಕಥಿ ಕೇಳಿ ಕೇಳಿ ಹಿಂಗ ಆಗಿ. ಒಂದೀಟು ಬಾಕಿ ಐತಿ, ಕರೆಂಟ್ ಬಂತಂದ್ರ ಮುಗದ ಹೋಗತೈತಿ."

ಅವನ ಮಾತಿನಲ್ಲಿ ನ್ಯಾಯವಿತ್ತು. ಅದೇ ಅವಳನ್ನು ಹೆಚ್ಚು ಹೆದರಿಸಿತು. ಅಷ್ಟು ಸಲ ಬಿದ್ದೂ ಎಚ್ಚರಾಗದ್ದನ್ನು ಬಾಂಬೆಂದು ಯಾರು ನಂಬುತ್ತಾರೆ? ಅವಳ ಹತ್ತಿರ ಒಂದು ಫೋಟೋ, ಒಂದು ಕಥೆ ಬಿಟ್ಟರೆ ಏನೂ ಇರಲಿಲ್ಲ. ಫೋಟೋ ಸೋತಿತ್ತು. ಮನೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು.

"ಯಾರು?" ಆಯಿಯದೇ ದನಿ.

"ಆಯಿ, ನಾನು. ಒಂದು ಕೇಳತೇನಿ, ಕಥಿ ಬಿಟ್ಟು ಹೇಳು. ಮರಿ ಆತಲ್ಲ, ಆ ತತ್ತಿಗೆ ಕಾವು ಕೊಟ್ಟವರು ಯಾರು?"

"ಅಯ್ಯ, ಪಂಚಮಿ ಹಿಂದಿನ ದಿನ ಇದೇನ ಕೇಳತಿ. ನೀ ಯಾವಾಗ ಬರ್ತಿ? ಉಂಡಿ ಕಟ್ಟಾಕ ಕೈ ಇಲ್ಲ ಇಲ್ಲೆ."

"ಆಯಿ, ಯಾರ ಕೊಟ್ರು?"

ಆ ಕಡೆ ಆಯಿ ಹೊರಸಿನ ಮೇಲೆ ಕೂತ ಸಪ್ಪಳ ಬಂತು.

"ನಮ್ಮಪ್ಪ ಕೊಟ್ಟ. ಎರಡೂ ತತ್ತಿ ಹೊಲದಾಗಿಂದ ಎತ್ತಿನ ಬಂಡ್ಯಾಗ ತಂದಿದ್ದ. ಒಳ್ಳೇ ಉಕ್ಕು ಐತಿ, ಒಂದರಾಗ ನೇಗಿಲ ಕುಳ ಮಾಡಸೂಣು, ಇನ್ನೊಂದು ಹುಡುಗರಿಗೆ ಎತ್ತಾಕ ಗುಂಡು ಇರ್ಲಿ ಅಂದ. ಈಗ ಹೊಂಡ ಐತೆಲ್ಲ, ಅಲ್ಲೆ ಕಂಬಾರ ಸಾಲಿ ಇತ್ತು. ಕುಲುಮ್ಯಾಗ ಇಟ್ರು. ಕಂಬಾರಜ್ಜ ತಿದಿ ಒತ್ತಾಕ ಹತ್ತಿದ. ಅಪ್ಪ ಬಾಜೂಕ ಕುಂತಿದ್ದ. ನಾ ಅವಗ ರೊಟ್ಟಿ ಕೊಟ್ಟು ಹೊಳ್ಳಿ ಅರ್ಧ ದಾರಿಗೆ ಬಂದಿದ್ದೆ."

"ಆಮ್ಯಾಲ?"

"ಬೆನ್ನಿಗೆ ಯಾರೋ ನೂಕಿದಂಗಾತು. ಬಿದ್ದೆ. ಕಿವಿ ಕೇಳಲಿಲ್ಲ ಎಷ್ಟೋ ದಿನ. ಹೊಳ್ಳಿ ನೋಡಿದ್ರ ಸಾಲಿ ಇಲ್ಲ, ಕಂಬಾರಜ್ಜ ಇಲ್ಲ, ಅಪ್ಪ ಇಲ್ಲ. ಮಣ್ಣು ಮಳಿಯಂಗ ಬೀಳಾಕತ್ತಿತ್ತು. ಅಪ್ಪ ಎಲ್ಲಿ ಅಂದೆ. ಮರಿ ಆತು, ಅಪ್ಪನ್ನ ಒಯ್ತು ಅಂದ್ಲು ನಮ್ಮವ್ವ. ಒಂದು ಬುಟ್ಟ್ಯಾಗ ಏನೋ ತುಂಬಿ ಸೀರಿ ಮುಚ್ಚಿದ್ರು. ಆ ಬುಟ್ಟಿ ನನಗ ನೋಡಗೊಡಲಿಲ್ಲ." ಆಯಿಯ ದನಿ ತಟ್ಟನೆ ಬೇರೆಯಾಯಿತು. "ಉಮಾ, ಯಾಕ ಕೇಳಾಕತ್ತಿ? ಗೌರ್ಯಾ ತತ್ತಿ ಹೊಳಿಗೆ ಒಯ್ದಾನಲ್ಲ? ಖರೇ ಹೇಳು, ಎಲ್ಲಿ ಐತಿ ತತ್ತಿ?"

ತತ್ತಿಯ ಮೈಯಿಂದ ನೀರು ತೊಟ್ಟಿಕ್ಕುವ ಸಪ್ಪಳ ಅಂಗಡಿ ತುಂಬ ಕೇಳಿಸುತ್ತಿತ್ತು. ಗೌರೀಶನ ಕೈಯಲ್ಲಿನ ಚಹಾದ ಲೋಟ ಓರೆಯಾಗಿ, ಉಳಿದ ಚಹಾ ಅವನ ಪಾದದ ಮೇಲೆ ಸುರಿಯಿತು. ಅವನಿಗೆ ಅದು ಗೊತ್ತಾಗಲಿಲ್ಲ.

"ಹೊರಗ ನಡೀರಿ," ಎಂದ ನಿಂಗರಾಜ, ಮೆತ್ತಗೆ, ಮಲಗಿದವರನ್ನು ಎಬ್ಬಿಸಬಾರದು ಎನ್ನುವ ಹಾಗೆ.

ಮುಂದಿನದು ಒಂದರ ಮೇಲೊಂದು ಬಿದ್ದ ಹಾಗೆ ನಡೆಯಿತು. ಗಿರಣಿಯಲ್ಲಿ ಹಿಟ್ಟಿಗೆ ಕಾಯುತ್ತಿದ್ದ ಹೆಣ್ಣುಮಕ್ಕಳು ಬುಟ್ಟಿ ಬಿಟ್ಟು ಬರಲು ಒಪ್ಪಲಿಲ್ಲ. ಉಮಾಶ್ರೀ ಒಬ್ಬೊಬ್ಬರ ರಟ್ಟೆ ಹಿಡಿದು ಎಳೆದಳು. ಹೋಟೆಲಿನವನು ಭಜಿ ಕರಿಯುವ ಒಲೆ ಆರಿಸು ಎಂದರೆ, ಎಣ್ಣಿ ಹಾಳಾಗತೈತಿ ಎಂದು ಜಗಳಕ್ಕೆ ಬಂದ. ದಿಗಂಬರರಾಯರು ಮತ್ತೆ ಮತ್ತೆ ಫೋನು ಮಾಡಿ ಹೊರಡಿಸಿದ ಪೊಲೀಸರು ಅಷ್ಟರಲ್ಲಿ ಬಂದರು. ಒಬ್ಬರು ಒಳಗೆ ಒಂದು ಹೆಜ್ಜೆ ಇಟ್ಟು ನೋಡಿದವರೇ ಹಿಂದೆ ಸರಿದು ಸೀಟಿ ಊದಿದರು. ಬೆಳಗಾವಿಯಿಂದ ಬಾಂಬಿನ ಮಂದಿ ಬರಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಸಂದಿಯ ಎರಡೂ ತುದಿಗೆ ಹಗ್ಗ ಕಟ್ಟಲು ಓಡಿದರು. ಅಕ್ಕ ತಮ್ಮ ಇಬ್ಬರೂ ಮಂದಿಯ ಜೊತೆ ಸಂದಿಯ ಬಾಯಿಗೆ, ಗೊಬ್ಬರದ ಅಂಗಡಿಯ ಗೋಡೆಯ ಮರೆಗೆ ಬಂದು ನಿಂತರು. ಆಯಿ ಇನ್ನೂ ಫೋನಿನಲ್ಲೇ ಇದ್ದಳು. ಉಮಾಶ್ರೀ ಹೇಳಬೇಕಾದ್ದನ್ನು ಹೇಳಿದ್ದಳು. ಆಯಿ ಬೈಯಲಿಲ್ಲ. ಫೋನ್ ಇಡಬ್ಯಾಡ ಎಂದಷ್ಟೇ ಅಂದಳು.

ಆಗ ನಿಂಗರಾಜ ತನ್ನ ಹಣೆಯ ಕನ್ನಡಕ ಕಿತ್ತು ಕೈಯಲ್ಲಿ ಹಿಡಿದ. "ಗೌರೀಶಾ," ಎಂದ. "ಗ್ರೈಂಡರ್."

"ಏನಾತು?"

"ಅದು ನಡದಾಗ ಕರೆಂಟ್ ಹೋತು. ಬಟನ್ ಒತ್ತಿ ಲಾಕ್ ಮಾಡಿದ್ದೆ. ಹಂಗ ತತ್ತಿ ಕಣ್ಣಿನ ಮಗ್ಗಲಕ ಒರಗಿಸಿ ಇಟ್ಟೆ. ಕರೆಂಟ್ ಬಂದ್ರ ತಾನ ಚಾಲೂ ಆಗತೈತಿ."

ಮೂವರೂ ಸಂದಿಯೊಳಗೆ ನೋಡಿದರು. ಅಂಗಡಿಯ ಬಾಗಿಲು ತೆರೆದೇ ಇತ್ತು. ನಿಂಗರಾಜ ಲೈನ್‌ಮನ್‌ಗೆ ಫೋನು ಹಚ್ಚಿದ. ಬ್ಯುಸಿ ಬಂತು. ಮತ್ತೆ ಹಚ್ಚಿದ.

"ಪ್ಲಗ್ ಎಲ್ಲೈತಿ?" ಎಂದ ಗೌರೀಶ.

"ಒಳಗೋಡಿಗೆ. ತತ್ತಿ ದಾಟಿ ಹೋಗಬೇಕು."

ಉಮಾಶ್ರೀ ತಮ್ಮನ ಅಂಗಿಯ ಹಿಂಭಾಗ ಹಿಡಿದಳು. ಸಣ್ಣವನಿದ್ದಾಗ ಹೊಂಡದ ದಂಡೆಯಲ್ಲಿ ಹೀಗೇ ಹಿಡಿಯುತ್ತಿದ್ದಳು. ಈಗ ಆ ಬೆನ್ನು ಬಾಗಿಲಿನಷ್ಟು ಅಗಲವಾಗಿತ್ತು.

"ಬ್ಯಾಡ. ಪೊಲೀಸರಿಗೆ ಹೇಳೂಣು."

"ಅವರು ಆ ತುದಿಗೆ ಅದಾರ. ಅವರು ಬರೂದ್ರಾಗ ಕರೆಂಟ್ ಬಂದ್ರ?" ಅವನು ತಿರುಗಿ ನೋಡಿದ. ತುಟಿ ಒಣಗಿತ್ತು. "ನಾ ತಂದದ್ದು ಅಕ್ಕಾ. ಹೊಳಿಗೆ ಅಂತ ಸುಳ್ಳ ಹೇಳಿ ತಂದದ್ದು. ಬಿಡು."

ಅವಳು ಬಿಡಲಿಲ್ಲ. ಅವನು ಮೆಲ್ಲಗೆ ಒಂದೊಂದೇ ಬೆರಳು ಬಿಡಿಸಿಕೊಂಡ. ಬೇಕಾದರೆ ಒಂದೇ ಜಗ್ಗಿಗೆ ಬಿಡಿಸಿಕೊಳ್ಳಬಹುದಿತ್ತು. ಆಮೇಲೆ ಚಪ್ಪಲಿ ಕಳಚಿ, ಬರಿಗಾಲಲ್ಲಿ ಗೋಡೆಗೆ ಅಂಟಿ ನಡೆಯುತ್ತ ಹೋದ. ಭಾರ ಎತ್ತುವವರು ಕಾಲು ಊರಿ ಊರಿ ನಡೆಯುತ್ತಾರೆ. ಅವನು ಹಾಲಿನ ಪಾತ್ರೆ ಹಿಡಿದವನಂತೆ ನಡೆದ. ಬಾಗಿಲಲ್ಲಿ ಒಮ್ಮೆ ನಿಂತ. ಒಳಗೆ ಹೋದ.

"ಏನಾಗಾಕತ್ತೈತಿ?" ಎಂದಳು ಆಯಿ.

"ಏನಿಲ್ಲ ಆಯಿ."

ಹೋಟೆಲಿನ ಮುಂದಿನ ಬಲ್ಬು ಹೊತ್ತಿಕೊಂಡಿತು.

ಉಮಾಶ್ರೀ ಅದನ್ನು ನೋಡಿದಳು. ನೋಡಿದ್ದು ಮನಸ್ಸಿಗೆ ಇಳಿಯುವುದರೊಳಗೆ ಗಿರಣಿಯ ಪಟ್ಟೆ ಗೊರ್ ಎಂದು ತಿರುಗತೊಡಗಿತು, ಎಲ್ಲೋ ಒಂದು ಟೀವಿ ಕೂಗಿತು, ಅಂಗಡಿಯ ಒಳಗಿನಿಂದ ಗ್ರೈಂಡರ್ ಕಿರುಚಿತು. ಬಾಗಿಲಲ್ಲಿ ಕಿಡಿ ಕಂಡವು, ಕಿತ್ತಳೆ ಬಣ್ಣದ ಪುಚ್ಚಗಳ ಹಾಗೆ. ಅವಳು ಕಣ್ಣು ಮುಚ್ಚಲಿಲ್ಲ. ಮುಚ್ಚಲು ಆಗಲಿಲ್ಲ. ಬೆನ್ನಿಗೆ ಯಾರೋ ನೂಕುವುದನ್ನು ಕಾಯುತ್ತ ನಿಂತಳು. ನಿಂಗರಾಜ ನೆಲಕ್ಕೆ ಕೂತು ತಲೆಯ ಮೇಲೆ ಕೈ ಹೊತ್ತ.

ಕಿರುಚು ನಿಂತಿತು.

ಗಿರಣಿಯ ಸಪ್ಪಳವಷ್ಟೇ ಉಳಿಯಿತು. ಅದರ ಕೆಳಗೆ ಬೇರೇನಾದರೂ ಕೇಳುತ್ತದೋ ಎಂದು ಉಮಾಶ್ರೀ ಕಿವಿ ಕೊಟ್ಟಳು. ಏನೂ ಇಲ್ಲ. ಬಾಗಿಲು ಕಪ್ಪಗೆ ತೆರೆದುಕೊಂಡಿತ್ತು, ಯಾರೂ ಬರಲಿಲ್ಲ. ಅವನಿಗೆ ಕರೆಂಟು ಹೊಡೆದಿರಬಹುದು. ಬಿದ್ದಿರಬಹುದು, ತತ್ತಿಯ ಮೇಲೆಯೇ ಬಿದ್ದಿರಬಹುದು. ಅವಳ ಕಾಲು ತಾನಾಗಿಯೇ ಸಂದಿಯೊಳಗೆ ಒಂದು ಹೆಜ್ಜೆ ಇಟ್ಟಿತು. ಆಗ ಬಾಗಿಲ ಚೌಕಟ್ಟಿಗೆ ಒಂದು ಕೈ ಬಂತು. ಆಮೇಲೆ ಗೌರೀಶ ಬಂದ. ಓಡಲಿಲ್ಲ. ಗೋಡೆಗೆ ಭುಜ ಉಜ್ಜುತ್ತ ಬಂದ. ಕೈಯಲ್ಲಿ ಗ್ರೈಂಡರು, ತೋಳಿಗೆ ಅದರ ವಾಯರು ಸುತ್ತಿಕೊಂಡಿತ್ತು. ಕಿತ್ತ ಪ್ಲಗ್ಗು ಅವನ ಹಿಂದೆ ಹಾವಿನ ಹೆಡೆಯ ಹಾಗೆ ನೆಲಕ್ಕೆ ಕುಟ್ಟುತ್ತ ಬರುತ್ತಿತ್ತು.

ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ಅವನು ಕೂತ. ಕೂತನೆಂದರೆ ಕುಸಿದ. ಮೈಯೆಲ್ಲ ಬೆವರು, ಹುಬ್ಬಿನ ಕೂದಲು ಕಿಡಿ ತಾಗಿ ಸುಟ್ಟಿತ್ತು. ಉಮಾಶ್ರೀ ಅವನ ಮುಷ್ಟಿ ಬಿಡಿಸಲು ನೋಡಿದಳು, ಬಿಡಲಿಲ್ಲ. ಕ್ವಿಂಟಲ್ ಎತ್ತುವ ಆ ಕೈ ಗ್ರೈಂಡರನ್ನು ಇನ್ನೂ ಬಿಗಿಹಿಡಿದಿತ್ತು.

ಹಗ್ಗದ ಆಚೆ ಪೊಲೀಸರು ಮಂದಿಯನ್ನು ಇನ್ನೂ ಹಿಂದೆ ಹಿಂದೆ ನೂಕುತ್ತಿದ್ದರು. ನೀವೂ ಏಳ್ರಿ, ದೂರ ಹೋಗ್ರಿ, ಅದು ಇನ್ನೂ ಒಳಗ ಐತಿ ಎಂದು ಒಬ್ಬರು ಕೂಗಿದರು. ಅಕ್ಕ ತಮ್ಮ ಏಳಲು ನೋಡಿದರು. ಗೌರೀಶ ಅರ್ಧ ಎದ್ದು ಮತ್ತೆ ಕಟ್ಟೆಯ ಮೇಲೆ ಕೂತ.

"ಉಮಾ," ಎಂದಳು ಆಯಿ ಫೋನಿನಿಂದ. "ತಮ್ಮ ಎಲ್ಲದಾನ?"

"ನನ್ನ ಬಾಜೂಕ ಅದಾನ ಆಯಿ."

"ಮಾತಾಡಂತ ಹೇಳು."

ಉಮಾಶ್ರೀ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು. ಅವನು ಬಾಯಿ ತೆರೆದ. ಆಯಿ ಎನ್ನಲು ಹೋದ, ಮಾತು ಬರಲಿಲ್ಲ. ಎದೆ ಏರಿ ಇಳಿಯಿತು, ಮತ್ತೆ ಏರಿತು.

"ಗೌರ್ಯಾ," ಎಂದಳು ಆಯಿ.

ಅವನಿಂದ ಬರೀ ಏದುಸಿರು.

"ಇರ್ಲಿ, ಬ್ಯಾಡ ಬಿಡು," ಎಂದಳು ಆಯಿ. "ಉಸರು ಕೇಳಾಕತ್ತೈತಿ. ಉಮಾ, ಫೋನ್ ಹಂಗ ಹಿಡಿ. ಒಂದೀಟು ಹಂಗ ಹಿಡಿ."